ಕಾಪಿಡಲು ಕೊಟ್ಟ ರೈಫಲ್

ಬ್ರೆಕ್ಕೆ ಬಂದೂಕಿನ ಅಂಗಡಿ, ಕಾಲ್ಡರ್ ಕ್ರೀಕ್, ಮೊಂಟಾನಾ
ಸೆಪ್ಟೆಂಬರ್ 9, 2018

ಪ್ರೀತಿಯ ಅಮ್ಮ,

ನೀವು ಅಂಗಡಿಯಲ್ಲಿರುತ್ತೀರಿ ಎಂದುಕೊಂಡು ಬಂದೆ. ಶೂಟಿಂಗ್ ರೇಂಜಿಗೆ ಹೋಗಿದ್ದೀರಿ, ಸಂಜೆಯವರೆಗೆ ಬರುವುದಿಲ್ಲ ಎಂದು ಅಂಗಡಿ ನೋಡಿಕೊಳ್ಳುತ್ತಿದ್ದ ಹೋಮರ್ ಹೇಳಿದರು. ಟೆಸ್ಸಾಳನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು ಬಂದಿದ್ದೇನೆ, ಕತ್ತಲಾಗುವ ಮುಂಚೆ ಸ್ಪೊಕೇನ್ ಸೇರಬೇಕು. ಹಾಗಾಗಿ ನಿಮ್ಮ ಕೌಂಟರಿನ ಮುಂದೆ ನಿಂತುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ. ಹೋಮರ್ ಬಾಯಿಂದ ಹೇಳಿಸುವ ಮಾತೂ ಇದಲ್ಲ.

ಟ್ರೆಂಟ್‌ನ ಮೂರು ಬಂದೂಕುಗಳನ್ನು ತಂದಿದ್ದೇನೆ. ಅವನ ಅಪ್ಪನ ರೈಫಲ್, ಒಂದು ಶಾಟ್‌ಗನ್, ಒಂದು ಪಿಸ್ತೂಲು. ಇವು ಸ್ವಲ್ಪ ಕಾಲ ನಿಮ್ಮ ಹತ್ತಿರ ಇರಲಿ. ಕೆಲಸದಲ್ಲಿ ವಿದ್ಯುತ್ ಕಂಬದಿಂದ ಬಿದ್ದ ಮೇಲೆ ಅವನ ಬೆನ್ನು ಕೂಡಿಕೊಳ್ಳುತ್ತಿದೆ, ಆದರೆ ನಿದ್ದೆಯಿಲ್ಲ, ಮಾತಿಲ್ಲ. ಮನಸ್ಸು ಸರಿಯಿಲ್ಲ. ಎಲ್ಲ ನೆಟ್ಟಗಾದ ಮೇಲೆ ಇಬ್ಬರೂ ಒಟ್ಟಿಗೆ ಬಂದು ತೆಗೆದುಕೊಂಡು ಹೋಗುತ್ತೇವೆ. ಅವನಿಗೆ ನಾನೇ ಹೇಳುತ್ತೇನೆ. ನೀವು ಯಾರಿಗೂ ಹೇಳಬೇಡಿ.

ಟೆಸ್ಸಾಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ನಿಮ್ಮನ್ನು ಕೇಳುತ್ತಿರುತ್ತಾಳೆ.

ನಿಮ್ಮ ಸೊಸೆ,
ಮರಿಸೋಲ್


ಕಾಲ್ಡರ್ ಕ್ರೀಕ್
ಸೆಪ್ಟೆಂಬರ್ 18, 2018

ಮರಿಸೋಲ್,

ಮಾಲು ಸೇರಿದೆ. ಮೂರಕ್ಕೂ ಚೀಟಿ ಕಟ್ಟಿ ಹಿಂದಿನ ಕಬ್ಬಿಣದ ಕಪಾಟಿನಲ್ಲಿ ಇಟ್ಟಿದ್ದೇನೆ. ಬೀಗದ ಕೈ ನನ್ನ ಕೊರಳಲ್ಲಿದೆ. ಇಂಥ ಕೆಲಸಕ್ಕೆ ನಾನು ಯಾರಿಂದಲೂ ಬಾಡಿಗೆ ಇಸಕೊಂಡವಳಲ್ಲ. ಕಳೆದ ಚಳಿಗಾಲ ಗರಗಸದ ಕಾರ್ಖಾನೆಯವನೊಬ್ಬ ಪಿಸ್ತೂಲು ಕೊಳ್ಳಲು ಬಂದಿದ್ದ. ಬೆಲೆ ಕೇಳಲಿಲ್ಲ, ಯಾವ ಕಂಪನಿ ಎಂದು ಕೇಳಲಿಲ್ಲ, "ಯಾವುದಾದ್ರೂ ಸರಿ, ಇವತ್ತೇ ಸಿಗಬೇಕು" ಎಂದ. ನಾನು ಅವನಿಗೆ ಕಾಫಿ ಕೊಟ್ಟು ಕೂರಿಸಿ, ಪಾದ್ರಿಗೆ ಹೇಳಿ ಕಳಿಸಿದೆ. ಇವತ್ತು ಆತ ಭಾನುವಾರ ಚರ್ಚಿನಲ್ಲಿ ನನ್ನ ಮುಂದಿನ ಸಾಲಿನಲ್ಲಿ ಕೂರುತ್ತಾನೆ. ಮನುಷ್ಯರ ಮುಖ ಓದಲು ನನಗೆ ಆಸ್ಪತ್ರೆಯ ಡಿಗ್ರಿ ಬೇಕಿಲ್ಲ.

ಆದ್ದರಿಂದ ನಿನ್ನ ಮುಖವನ್ನೂ ಓದಬಲ್ಲೆ. ಗಂಡನ ಬಂದೂಕನ್ನು ಅವನಿಗೆ ತಿಳಿಯದಂತೆ ಮನೆಯಿಂದ ಸಾಗಿಸುವ ಹೆಂಗಸು ಮುಂದೆ ಎಲ್ಲಿಗೆ ಹೋಗುತ್ತಾಳೆ? ವಕೀಲರ ಬಳಿಗೆ. "ನನಗೆ ಭಯವಾಗಿತ್ತು, ಸ್ವಾಮಿ, ಅವನ ಅಮ್ಮನ ಅಂಗಡೀಲೇ ಬಂದೂಕು ಇಟ್ಟು ಬಂದೆ" ಎಂದು ನ್ಯಾಯಾಲಯದಲ್ಲಿ ಕಣ್ಣೊರೆಸಿಕೊಂಡರೆ ಮಗುವೂ ಸಿಕ್ಕಿತು, ಮನೆಯೂ ಸಿಕ್ಕಿತು. ಬೆನ್ನು ಮುರಿದ ಗಂಡು ಹೊರೆ ಅನಿಸಿದರೆ ಬಾಯಿಬಿಟ್ಟು ಹೇಳು. ನಾನು ನನ್ನ ಮಗನನ್ನು ಕರೆದುಕೊಂಡು ಬರುತ್ತೇನೆ.

ಮುಂದಿನ ತಿಂಗಳು ಶಾಸನಸಭೆಯ ಸಮಿತಿಯವರು ನಮ್ಮೂರಿಗೆ ಬರುತ್ತಿದ್ದಾರೆ. ಮನೆಯವರು ಕಾಪಿಡಲು ಕೊಟ್ಟ ಬಂದೂಕನ್ನು ಅಂಗಡಿಯವರು ವಾಪಸ್ ಕೊಡುವ ಮುಂಚೆ ಒಂದು ವಾರ ಕಾಯಬೇಕಂತೆ, ತಂದಿಟ್ಟವರನ್ನು ಕೇಳಬೇಕಂತೆ. ಹಾಗೊಂದು ಕಾನೂನು ಮಾಡಲು ಹೊರಟಿದ್ದಾರೆ. ನನ್ನ ಅಂಗಡಿಯಲ್ಲಿ ನಾನು ಯಾರಿಗೆ ಏನು ಕೊಡಬೇಕು ಎಂದು ರಾಜಧಾನಿ ಹೆಲೆನಾದಲ್ಲಿ ಕೂತವರು ಹೇಳಬೇಕು! ಅಂಗಡಿಯವರ ಪರವಾಗಿ ನಾನೇ ಮಾತಾಡಬೇಕು ಎಂದು ಎಲ್ಲರೂ ದುಂಬಾಲು ಬಿದ್ದಿದ್ದಾರೆ.

ಆರ್ಲಿಸ್ ಬ್ರೆಕ್ಕೆ


ಸ್ಪೊಕೇನ್
ಸೆಪ್ಟೆಂಬರ್ 25, 2018

ಅಮ್ಮ,

ನಾನು ಯಾವ ವಕೀಲರ ಬಳಿಗೂ ಹೋಗಿಲ್ಲ. ಹೋಗುವುದೂ ಇಲ್ಲ. ನಿಮಗೆ ಹೇಳುವುದಿಲ್ಲ ಎಂದು ಟ್ರೆಂಟ್‌ಗೆ ಮಾತು ಕೊಟ್ಟಿದ್ದೆ. ಅದಕ್ಕೇ ಮೊದಲ ಕಾಗದದಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆದೆ. ಈಗ ಆ ಮಾತು ಮುರಿಯುತ್ತಿದ್ದೇನೆ.

ಆಗಸ್ಟ್ ಕೊನೆಯ ಶನಿವಾರ ಆಸ್ಪತ್ರೆಯ ಪಾಳಿ ಮುಗಿಸಿ ಬೇಗ ಬಂದೆ. ಅವನು ಗ್ಯಾರೇಜಿನಲ್ಲಿ ಬಣ್ಣದ ಡಬ್ಬದ ಮೇಲೆ ಕೂತಿದ್ದ. ಅಪ್ಪನ ರೈಫಲ್ಲಿನ ನಳಿಕೆ ಅವನ ಗದ್ದದ ಕೆಳಗಿತ್ತು. ನನ್ನನ್ನು ನೋಡಿ ಕೆಳಗಿಟ್ಟು, "ಕ್ಲೀನ್ ಮಾಡ್ತಿದ್ದೆ, ಸೋಲ್" ಎಂದ. ಎಣ್ಣೆಯಿರಲಿಲ್ಲ, ಬಟ್ಟೆಯಿರಲಿಲ್ಲ. ನಾನು ಬಂದೂಕು ತೆಗೆದು ನೋಡಿದೆ. ತುಂಬಿತ್ತು. ಆಮೇಲೆ ಅವನು ನನ್ನ ಯೂನಿಫಾರ್ಮ್ ಹಿಡಿದುಕೊಂಡು ಅತ್ತ. "ಅಮ್ಮಂಗೆ ಹೇಳ್ಬೇಡ, ನನ್ನ ಮುಖ ನೋಡಲ್ಲ ಅವಳು" ಎಂದ.

ಈಗ ವೈದ್ಯರು ಮಾತ್ರೆ ಕೊಡುತ್ತಿದ್ದಾರೆ. ಪ್ರತಿ ಮಂಗಳವಾರ ಒಬ್ಬರ ಹತ್ತಿರ ಹೋಗಿ ಕೂತು ಮಾತಾಡಿ ಬರುತ್ತಾನೆ. ನಿನ್ನೆ ಟೆಸ್ಸಾಗೆ ತಾನೇ ಪ್ಯಾನ್‌ಕೇಕ್ ಮಾಡಿಕೊಟ್ಟ. ಸ್ವಲ್ಪ ಸ್ವಲ್ಪವೇ ತಿರುಗಿ ಬರುತ್ತಿದ್ದಾನೆ. ಆದರೆ ಇಂಥವರಿಗೆ ಒಂದು ಕೆಟ್ಟ ಗಳಿಗೆ ಸಾಕು, ಆ ಗಳಿಗೆಯಲ್ಲಿ ಕೈಗೆ ಏನೂ ಸಿಗಬಾರದು. ನನ್ನ ವಾರ್ಡಿನಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಅವನು ಒಬ್ಬನೇ ಬಂದು ಕೇಳಿದರೆ, ನಗುತ್ತಾ ಕೇಳಿದರೂ, ಕೊಡಬೇಡಿ. ಕಾಲಿಗೆ ಬಿದ್ದು ಕೇಳಿಕೊಳ್ಳುತ್ತೇನೆ.

ಮರಿಸೋಲ್


ಕಾಲ್ಡರ್ ಕ್ರೀಕ್
ಅಕ್ಟೋಬರ್ 14, 2018

ಮರಿಸೋಲ್,

ಪತ್ರಿಕೆಯ ತುಂಡು ಕಳಿಸಿದ್ದೇನೆ, ನೋಡು. ಸಮಿತಿಯ ಸಭೆಯ ದಿನ ಹೈಸ್ಕೂಲಿನ ಜಿಮ್ನಾಷಿಯಂನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ಕಾನೂನಿನ ಬಿಲ್ಲಿನ ಪರವಾಗಿ ಮಾತಾಡಿದವರೆಲ್ಲ ಕಾಗದ ನೋಡಿ ಓದಿದರು. ನಾನು ಬರಿಗೈಯಲ್ಲಿ ನಿಂತೆ. "ನಿಮ್ಮ ಕಾನೂನು ಹುಟ್ಟೋಕೆ ಮುಂಚೆಯಿಂದ್ಲೂ ನಾವು ಈ ಕೆಲ್ಸ ಮಾಡ್ತಿದೀವಿ. ನನ್ನ ಸ್ವಂತ ಸೊಸೆ ಗಂಡನ ಬಂದೂಕು ತಂದು ನನ್ನ ಹತ್ರ ಇಟ್ಟಿದಾಳೆ. ಯಾವ ಕಾನೂನು ಹೇಳಿತ್ತು ಅವಳಿಗೆ? ನಂಬಿಕೆ, ಸ್ವಾಮಿ, ನಂಬಿಕೆ. ನನ್ನ ಮಗಂಗೆ ಏನು ಬೇಕು, ಯಾವಾಗ ಬೇಕು ಅಂತ ಹೆಲೆನಾದ ಗುಮಾಸ್ತ ನನಗೆ ಹೇಳ್ಕೊಡ್ತಾನಾ?" ಎಂದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಈ ಕಿವುಡಿಗೂ ಕೇಳಿಸಿತು.

ನಿನ್ನ ಹೆಸರು, ಅವನ ಹೆಸರು ಹೇಳಲಿಲ್ಲ. ನನಗಿರುವುದು ಒಬ್ಬನೇ ಮಗ ಎಂದು ಊರಿಗೆಲ್ಲ ಗೊತ್ತು, ಅದಕ್ಕೆ ನಾನೇನು ಮಾಡಲಿ?

ಗ್ಯಾರೇಜಿನ ಕತೆ ಓದಿದೆ. ನಂಬಲಿಲ್ಲ. ಬೆನ್ನಿನ ಹಿಂದೆ ಕೇಳುವುದು ನನ್ನ ಜಾಯಮಾನವಲ್ಲ, ಅವನನ್ನೇ ಕೇಳಿಬಿಟ್ಟೆ. ಹೋಮರ್ ಕೈಗೆ ಫೋನ್ ಕೊಟ್ಟು ನಾನು ಪಕ್ಕದಲ್ಲಿ ನಿಂತೆ.

"ಗ್ಯಾರೇಜಲ್ಲಿ ಬಂದೂಕು ಇಟ್ಕೊಂಡು ಏನ್ ಮಾಡ್ತಿದ್ದ ಕೇಳು."

"ಕ್ಲೀನ್ ಮಾಡ್ತಿದ್ನಂತೆ," ಎಂದು ಹೋಮರ್ ನನ್ನ ಕಿವಿಯಲ್ಲಿ ಕೂಗಿದ.

"ಸಾಯೋಕೆ ಹೊರಟಿದ್ಯಾ ಅಂತ ಕೇಳು."

ಹೋಮರ್ ನನ್ನ ಮುಖ ನೋಡಿದ. ಕೌಂಟರಿನ ಆಚೆ ಗುಂಡು ಆರಿಸುತ್ತಿದ್ದ ಇಬ್ಬರು ಗಿರಾಕಿಗಳೂ ಕೈ ನಿಲ್ಲಿಸಿದರು. "ಕೇಳಯ್ಯ!" ಎಂದೆ. ಕೇಳಿದ.

"ನಗ್ತಿದಾನೆ, ಆರ್ಲಿಸ್."

ನಗುತ್ತಿದ್ದಾನೆ. ಸಾಯುವವನು ನಗುತ್ತಾನೆಯೇ? ಬ್ರೆಕ್ಕೆಗಳ ಮನೆಯಲ್ಲಿ ಹಾಗೆ ಸತ್ತವರಿಲ್ಲ. ನಿನ್ನ ವಾರ್ಡಿನಲ್ಲಿ ದಿನವೂ ರೋಗಿಗಳನ್ನು ನೋಡಿ ನೋಡಿ ನಿನಗೆ ಮನೆಯಲ್ಲೂ ಒಬ್ಬ ರೋಗಿ ಬೇಕಾಗಿದ್ದಾನೆ.

ಆರ್ಲಿಸ್


ಸ್ಪೊಕೇನ್
ಅಕ್ಟೋಬರ್ 19, 2018, ತುರ್ತು ಅಂಚೆ

ಆರ್ಲಿಸ್,

ಬೆಳಿಗ್ಗೆಯಿಂದ ಅಂಗಡಿಗೆ ಫೋನ್ ಮಾಡುತ್ತಿದ್ದೇನೆ. "ಗಿರಾಕಿ ಇದಾರೆ, ಅವಳ ಪುರಾಣ ಕೇಳೋಕೆ ಪುರುಸೊತ್ತಿಲ್ಲ ಅಂತ ಹೇಳು ಅಂದ್ರು" ಎಂದು ಹೋಮರ್ ಫೋನ್ ಇಟ್ಟರು. ನಿಮ್ಮ ಷೆರಿಫ್ ಕಚೇರಿಗೂ ಮಾಡಿದೆ. ಗಂಡ ತಾಯಿಯ ಮನೆಗೆ ಹೋಗುವುದು ಅಪರಾಧವಲ್ಲ ಎಂದರು.

ನಿಮ್ಮ ಭಾಷಣ ಯಾರೋ ಇಂಟರ್ನೆಟ್‌ಗೆ ಹಾಕಿದ್ದಾರೆ. ಅವನ ಜೊತೆ ಕಂಬ ಹತ್ತುತ್ತಿದ್ದವರೆಲ್ಲ ನೋಡಿದ್ದಾರೆ. "ಏನೋ, ಹೆಂಡ್ತಿ ಬಂದೂಕು ಕಿತ್ಕೊಂಡ್ಳಂತೆ, ಪ್ಯಾಂಟಾದ್ರೂ ಬಿಟ್ಟಿದಾಳಾ?" ಎಂದು ಒಬ್ಬ ಮೆಸೇಜ್ ಹಾಕಿದ್ದ. ಟ್ರೆಂಟ್ ಅದನ್ನು ನನಗೆ ತೋರಿಸಿದ. ಕೋಪ ಮಾಡಿಕೊಳ್ಳಲಿಲ್ಲ, ಅದೇ ನನಗೆ ಹೆದರಿಕೆ. ಮಂಗಳವಾರದ ಮಾತುಕತೆಗೆ ಹೋಗಲಿಲ್ಲ. ಇವತ್ತು ಟೆಸ್ಸಾಳನ್ನು ಶಾಲೆಗೆ ಬಿಟ್ಟು, ಅವಳ ಕೂದಲಿಗೆ ಮುತ್ತಿಟ್ಟು, ಟ್ರಕ್ ತೆಗೆದುಕೊಂಡು ಹೋಗಿದ್ದಾನೆ. ನಿಮ್ಮ ಹತ್ತಿರವೇ ಬರುತ್ತಾನೆ.

ಊಟ ಹಾಕಿ, ಮಲಗಿಸಿ. ಕೊಡಬೇಡಿ. ರಜೆ ಸಿಕ್ಕ ಕೂಡಲೇ ಹೊರಟು ಬರುತ್ತೇನೆ.

ಮರಿಸೋಲ್


ಕಾಲ್ಡರ್ ಕ್ರೀಕ್
ಅಕ್ಟೋಬರ್ 21, 2018

ಮರಿಸೋಲ್,

ಬರುವ ತೊಂದರೆ ತೆಗೆದುಕೊಳ್ಳಬೇಡ. ನಿನ್ನ ಗಂಡ ಗಟ್ಟಿಮುಟ್ಟಾಗಿದ್ದಾನೆ.

ಶುಕ್ರವಾರ ಸಂಜೆ ಬಂದ. ಎಲ್ಕ್ ಜಿಂಕೆ ಬೇಟೆಯ ಕಾಲ ಶುರುವಾಗಿದೆ, ಯಾವ ಮಗ ಮನೆಗೆ ಬರುವುದಿಲ್ಲ? ಆಲೂಗಡ್ಡೆ, ಹುರಿದ ಮಾಂಸ ಮಾಡಿದ್ದೆ, ಎರಡು ಸಲ ಬಡಿಸಿಕೊಂಡ. ನಿನ್ನೆ ತಿಂಡಿ ತಿನ್ನುತ್ತಿದ್ದಾಗ ನಿನ್ನ ತುರ್ತು ಅಂಚೆ ಬಂತು. ಓದಿ, ಮೇಜಿನ ಮೇಲೆ ಅವನ ಮುಂದಕ್ಕೇ ತಳ್ಳಿದೆ. "ಓದಪ್ಪ, ನಿನ್ನ ಹೆಂಡ್ತಿ ನಿನ್ನ ಬಗ್ಗೆ ಏನೇನ್ ಬರೀತಾಳೆ ನೋಡು" ಎಂದೆ. ನಿಧಾನವಾಗಿ ಓದಿದ. ಮಡಿಸಿ ಜೇಬಿಗೆ ಹಾಕಿಕೊಂಡ. "ಅವಳು ಹೆದರ್ತಾಳೆ, ಅಷ್ಟೇ ಅಮ್ಮ" ಎಂದ. ಆಮೇಲೆ, "ಅಪ್ಪನ ರೈಫಲ್ ತಗೊಂಡ್ ಹೋಗ್ಲಾ?" ಎಂದು ಕೇಳಿದ.

ಕಾನೂನು ಪ್ರಕಾರವೇ ಕೊಟ್ಟಿದ್ದೇನೆ. ಫಾರಂ ತುಂಬಿಸಿ, ಹಿನ್ನೆಲೆ ತಪಾಸಣೆಗೆ ಹೋಮರ್ ಕೈಲಿ ಫೋನ್ ಮಾಡಿಸಿದೆ, ತಕ್ಷಣ ಸರಿ ಎಂದರು. ನನ್ನ ಮಗ ಎಂದು ಒಂದು ಅಕ್ಷರವೂ ಬಿಡಲಿಲ್ಲ. ಊರ ತುಂಬಾ ಅವನ ಮಾನ ಹೋಗಿದೆ ಎಂದು ನೀನೇ ಬರೆದಿದ್ದೀಯಲ್ಲ, ಆ ರೈಫಲ್ ಹೆಗಲಿಗೇರಿಸಿ ಮುಖ್ಯ ರಸ್ತೆಯಲ್ಲಿ ನಡೆದುಕೊಂಡು ಹೋದ. ಎಲ್ಲರೂ ನೋಡಲಿ.

ಇವತ್ತು ಬೆಳಕು ಹರಿಯುತ್ತಲೇ ದಿಣ್ಣೆಯ ಕಡೆ ಹೋಗಿದ್ದಾನೆ. ನಾನು ಚರ್ಚಿಗೆ ಹೊರಟಿದ್ದೇನೆ, ದಾರಿಯಲ್ಲಿ ಇದನ್ನು ಅಂಚೆಗೆ ಹಾಕುತ್ತೇನೆ. ಫ್ರೀಜರಿನಲ್ಲಿ ಜಾಗ ಮಾಡಿಕೋ, ಮಾಂಸ ಕಳಿಸುತ್ತೇವೆ.

ಆರ್ಲಿಸ್


ಕಾಲ್ಡರ್ ಕ್ರೀಕ್
ಡಿಸೆಂಬರ್ 2, 2018

ಪ್ರೀತಿಯ ಮರಿಸೋಲ್,

ಮಣ್ಣು ಕೊಟ್ಟ ದಿನ ನೀನು ನನ್ನ ಜೊತೆ ಮಾತಾಡಲಿಲ್ಲ. ಟೆಸ್ಸಾ ನನ್ನ ಕಡೆ ಬರಲು ಹೊರಟರೆ ಅವಳ ಭುಜ ಹಿಡಿದು ನಿಲ್ಲಿಸಿದೆ. ಕಿವಿ ಕೇಳಿಸದಿದ್ದರೂ ಕಣ್ಣು ಕಾಣಿಸುತ್ತದೆ.

ಪತ್ರಿಕೆಗೆ ನಾನೇ ಹೇಳಿ ಹಾಕಿಸಿದೆ. ಹಿಮ ಬಿದ್ದ ಬಂಡೆ, ಕಾಲು ಜಾರಿತು, ಗುಂಡು ಹಾರಿತು ಎಂದು. ಬೇಟೆಯಲ್ಲಿ ಹಾಗೆ ಆಗುವುದುಂಟು. ಷೆರಿಫ್‌ನ ಕಡತದಲ್ಲಿ ಏನಾದರೂ ಇರಲಿ, ಅದನ್ನು ಯಾರೂ ತೆಗೆದು ಓದುವುದಿಲ್ಲ. ಟೆಸ್ಸಾ ದೊಡ್ಡವಳಾಗಿ ಕೇಳಿದರೆ ಹೇಳಲು ಇದು ಒಳ್ಳೆಯದಲ್ಲವೇ? ನೀನೂ ಹಾಗೆಯೇ ಹೇಳು. ಫೆಬ್ರವರಿಯಲ್ಲಿ ಹೆಲೆನಾದಲ್ಲಿ ಆ ಬಿಲ್ಲು ಮತ್ತೆ ಬರುತ್ತದೆ. ಬಿಲ್ಲಿನ ಪರದವರು ನಿನ್ನನ್ನು ಹುಡುಕಿಕೊಂಡು ಬರಬಹುದು. ಗಂಡನ ಹೆಣವನ್ನು ಅವರ ಕೈಗೆ ಕೊಡಬೇಡ.

ಬೇಟೆಗೆ ಹೋದವನು ಎಂದೇ ನಾನು ಈಗಲೂ ಅಂದುಕೊಳ್ಳುತ್ತೇನೆ. ಹಾಗೆ ಅಂದುಕೊಂಡರೆ ಮಾತ್ರ ಅಂಗಡಿಯ ಬಾಗಿಲು ತೆಗೆಯಲು ಆಗುತ್ತದೆ.

ಷೆರಿಫ್ ಒಂದು ಮಾತು ಹೇಳಿದರು. ದಿಣ್ಣೆಯ ಮೇಲಿಂದ ಅವನು ನಿನಗೆ ಫೋನ್ ಮಾಡಿದ್ದನಂತೆ. ನನ್ನ ಬಗ್ಗೆ ಏನಾದರೂ ಹೇಳಿದನೇ?

ಆರ್ಲಿಸ್


ಸ್ಪೊಕೇನ್
ಡಿಸೆಂಬರ್ 15, 2018

ಆರ್ಲಿಸ್ ಬ್ರೆಕ್ಕೆ ಅವರಿಗೆ,

ಬಂಡೆಯಿರಲಿಲ್ಲ, ಜಾರಲಿಲ್ಲ. ಅವನು ಒಂದು ಮರಕ್ಕೆ ಒರಗಿ ಕೂತಿದ್ದ. ಹೆಣವನ್ನು ಗುರುತಿಸಿದವಳು ನಾನು.

ಹೌದು, ಫೋನ್ ಮಾಡಿದ್ದ. ನಿಮ್ಮ ಬಗ್ಗೆ ಹೇಳಿದ.

ಏನು ಹೇಳಿದ ಎಂದು ಈಗ ಬರೆಯುವುದಿಲ್ಲ. ಅವನು ತಲೆ ತಗ್ಗಿಸುವ ಹಾಗೆ ನೀವು ಸಭೆಯಲ್ಲಿ ಮಾತಾಡಿದಿರಿ. ಫೆಬ್ರವರಿಯಲ್ಲಿ ಅಂಥದ್ದೇ ಸಭೆಯಲ್ಲಿ ಎದ್ದು ನಿಂತು, ನಿಮ್ಮ ಜನರ ಮುಂದೆ, ನಡೆದದ್ದನ್ನು ನಡೆದ ಹಾಗೆ ಹೇಳಿ. ನಾನು ಬೇಡವೆಂದೆ, ನೀವು ಕೊಟ್ಟಿರಿ, ಅವನು ಸತ್ತ. ಇಷ್ಟು ಹೇಳಿದ ಮೇಲೆ ಅವನ ಮಾತನ್ನು ಅಕ್ಷರ ಬಿಡದೆ ನಿಮಗೆ ಬರೆಯುತ್ತೇನೆ. ಟೆಸ್ಸಾಳನ್ನು ನಿಮ್ಮ ಹತ್ತಿರ ಕಳಿಸುವ ವಿಷಯವನ್ನೂ ಆಗ ಯೋಚಿಸುತ್ತೇನೆ.

ಕ್ರಿಸ್ಮಸ್‌ಗೆ ನೀವು ಅವಳಿಗೆ ಕಳಿಸಿದ ಸ್ವೆಟರ್ ಇದರ ಜೊತೆಗೇ ವಾಪಸ್ ಬರುತ್ತಿದೆ.

ಮರಿಸೋಲ್


ಕಾಲ್ಡರ್ ಕ್ರೀಕ್
ಫೆಬ್ರವರಿ 17, 2019

ಪ್ರೀತಿಯ ಮರಿಸೋಲ್,

ಹೇಳಿದೆ.

ನಮ್ಮ ಊರಿನ ಅಂಗಡಿಯವರು ಬಸ್ಸು ಮಾಡಿಕೊಂಡು ಹೆಲೆನಾಗೆ ಹೊರಟಿದ್ದರು. ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ನಾನು ಏನು ಹೇಳಲಿದ್ದೇನೆ ಎಂದು ಯಾರಿಗೂ ಗೊತ್ತಿರಲಿಲ್ಲ, ದಾರಿಯಲ್ಲಿ ಡೋನಟ್ ಕೊಡಿಸಿದರು. ನನ್ನ ಹೆಸರು ಕೂಗಿದಾಗ ಚಪ್ಪಾಳೆ ಹೊಡೆದರು.

"ನನ್ನ ಮಗ ಜಾರಿ ಬೀಳಲಿಲ್ಲ," ಎಂದೆ. ಆಮೇಲೆ ಉಳಿದದ್ದನ್ನೆಲ್ಲ ಹೇಳಿದೆ. ನನ್ನ ದನಿ ಎಷ್ಟು ಜೋರಾಗಿತ್ತೋ ನನಗೆ ಗೊತ್ತಾಗುವುದಿಲ್ಲ, ಆದರೆ ಅಧ್ಯಕ್ಷರು "ಮೆಲ್ಲಗೆ ಹೇಳಿ, ಅಮ್ಮ" ಎಂದು ಕೈ ಮಾಡಿದರು. ತಿರುಗಿ ನೋಡಿದಾಗ ನಮ್ಮೂರಿನವರು ಯಾರೂ ನನ್ನ ಮುಖ ನೋಡುತ್ತಿರಲಿಲ್ಲ. ಹೊರಗೆ ಬಂದರೆ ಬಿಲ್ಲಿನ ಪರದ ಹೆಂಗಸೊಬ್ಬಳು ನನ್ನನ್ನು ತಬ್ಬಿಕೊಂಡು ಕ್ಯಾಮರಾ ಕಡೆ ತಿರುಗಿಸಿದಳು. ಫೋಟೋ ಆದ ಮೇಲೆ ಬಿಟ್ಟಳು. ಬಸ್ಸಿನ ಬಳಿ ಒಬ್ಬ, ನಾನು ಕೇಳಿಸಿಕೊಳ್ಳಲಿ ಎಂದೇ ಕಿವಿಯ ಹತ್ತಿರ ಬಂದು, "ಮಗನ್ನ ತಿಂದ್ಕೊಂಡಿದ್ದು ಸಾಲ್ದು ಅಂತ ಈಗ ನಮ್ಮ ಬಂದೂಕಿಗೂ ಬಾಯಿ ಹಾಕ್ತಿದೀಯಾ?" ಎಂದ. ಬಸ್ಸು ನನ್ನನ್ನು ಬಿಟ್ಟು ಹೋಯಿತು.

ಬಿಲ್ಲು ಸಮಿತಿಯಲ್ಲೇ ಬಿದ್ದುಹೋಯಿತು. ಅದೂ ಆಗಲಿಲ್ಲ.

ಹೋಮರ್ ಕೆಲಸ ಬಿಟ್ಟ. ಅಂಗಡಿಯ ಗಾಜಿಗೆ ಯಾರೋ ಕಲ್ಲು ಹೊಡೆದಿದ್ದಾರೆ, ಹಲಗೆ ಬಡಿಸಿದ್ದೇನೆ. ಚರ್ಚಿನಲ್ಲಿ ನಾನು ಕೂರುವ ಬೆಂಚಿನಲ್ಲಿ ನಾನೊಬ್ಬಳೇ. ಕಾಫಿ ಕೊಟ್ಟು ಕೂರಿಸಿದ್ದೆನಲ್ಲ, ಆ ಕಾರ್ಖಾನೆಯವನೂ ಆಚೆ ಸಾಲಿಗೆ ಹೋಗಿ ಕೂತ. ಇರಲಿ. ಅಂಗಡಿ ಮಾರುತ್ತೇನೆ. ನೀನು ಕೇಳಿದ್ದಕ್ಕಿಂತ ಹೆಚ್ಚೇ ಮಾಡಿದ್ದೇನೆ.

ಊರಿನವರು ಬೈದಾಗಲೆಲ್ಲ, ಇದು ಮುಗಿದ ಮೇಲೆ ನನ್ನ ಮಗನ ಮಾತು ಸಿಗುತ್ತದೆ ಎಂದು ಹಲ್ಲು ಕಚ್ಚಿಕೊಂಡೆ. ಏನೇ ಹೇಳಿರಲಿ, ಬೈದಿದ್ದರೂ ಸರಿ. ಕೋಪದಲ್ಲಿ ಹೇಳಿದ್ದರೂ ನಾನು ತಾಯಿ, ಅರ್ಥ ಮಾಡಿಕೊಳ್ಳುತ್ತೇನೆ. ಬರೆ.

ಟೆಸ್ಸಾಗೆ ವಸಂತದ ರಜೆ ಯಾವಾಗ?

ನಿನ್ನ ಅತ್ತೆ,
ಆರ್ಲಿಸ್


ಸ್ಪೊಕೇನ್
ಮಾರ್ಚ್ 4, 2019

ಆರ್ಲಿಸ್ ಬ್ರೆಕ್ಕೆ ಅವರಿಗೆ,

ಹೆಲೆನಾದ ವಿಡಿಯೋ ನೋಡಿದೆ. ನನ್ನ ಕಾಗದವನ್ನು ಅವನಿಗೇ ಓದಲು ಕೊಟ್ಟದ್ದನ್ನು ಮಾತ್ರ ನೀವು ಹೇಳಲಿಲ್ಲ. ಹೋಗಲಿ. ನಾನು ಮಾತು ಕೊಟ್ಟಿದ್ದೇನೆ.

ಅವನು ಫೋನ್ ಮಾಡಿದಾಗ ನಾನು ವಾರ್ಡಿನಲ್ಲಿದ್ದೆ. ಪಕ್ಕದಲ್ಲಿದ್ದ ನರ್ಸಿಗೆ ಕೈಸನ್ನೆ ಮಾಡಿ ಷೆರಿಫ್‌ಗೆ ಫೋನ್ ಮಾಡಿಸಿದೆ, ಅವನನ್ನು ಮಾತಾಡಿಸುತ್ತಲೇ ಇದ್ದೆ. ಗಾಳಿಯ ಸದ್ದು ಬಹಳವಿತ್ತು. ಅವನು ಅಳುತ್ತಿರಲಿಲ್ಲ. ಹೇಳಿದ್ದು ಇಷ್ಟು:

"ದಾರಿಯುದ್ದಕ್ಕೂ ಅಂದ್ಕೊಂಡ್ ಬಂದೆ ಸೋಲ್, ಅಮ್ಮ ಕೊಡಲ್ಲ ಅಂತ. ಬೈತಾಳೆ, ಕಪಾಟಿನ ಮುಂದೆ ನಿಂತ್ಕೋತಾಳೆ, ಬೀಗದ ಕೈ ಕೊಡಲ್ಲ. ಆಗ ಅಲ್ಲೇ ಅವಳ ಅಡುಗೆಮನೇಲಿ ಕೂತು ಎಲ್ಲಾ ಹೇಳ್ಬಿಡೋಣ ಅಂತಿದ್ದೆ. ಅದಕ್ಕೇ ಹೋಗಿದ್ದು. ನಿನ್ನ ಕಾಗದನೂ ಓದಿದ್ಲು. ಆದ್ರೂ ಕೇಳಿದ ತಕ್ಷಣ ಕೊಟ್ಬಿಟ್ಲು. ಗುಂಡಿನ ಡಬ್ಬಿನೂ ಅವಳೇ ಆರಿಸಿ ಕೊಟ್ಲು. ಯಾಕೆ ಅಂತ ಒಂದ್ ಮಾತೂ ಕೇಳ್ಲಿಲ್ಲ."

ಆಮೇಲೆ ಟೆಸ್ಸಾಳ ಬಗ್ಗೆ ಹೇಳಿದ. ಅದು ನಿಮ್ಮದಲ್ಲ.

ಟೆಸ್ಸಾಳನ್ನು ಕಳಿಸುವುದನ್ನು ಯೋಚಿಸುತ್ತೇನೆ ಎಂದಿದ್ದೆ. ಯೋಚಿಸಿದೆ. ಕಳಿಸುವುದಿಲ್ಲ.

ಇದನ್ನು ಬರೆಯದೆ ಇರಬಹುದಿತ್ತು. ಬರೆಯದಿದ್ದರೆ, ಮಗ ಕೊನೆಗೆ ನನ್ನ ಬಗ್ಗೆ ಏನೋ ಒಳ್ಳೆಯದನ್ನೇ ಹೇಳಿರಬೇಕು ಎಂದುಕೊಂಡು ನೀವು ಸಾಯುವವರೆಗೂ ಕಾಲ ಹಾಕುತ್ತಿದ್ದಿರಿ. ಅಷ್ಟನ್ನೂ ನಿಮಗೆ ಬಿಡಲು ನನ್ನಿಂದ ಆಗಲಿಲ್ಲ.

ಮರಿಸೋಲ್